ಪಟದ ಹಿಂಬದಿ

ನಮ್ಮ ನಡುಮನೆಯ ಗೋಡೆಯ ಮೇಲಿದ್ದ ಒಂದು ಭಾವಚಿತ್ರಕ್ಕೆ ಸುಮಾರು ಮೂವತ್ತು ವರ್ಷಗಳ ಕಾಲ, ಪ್ರತಿ ಮಹಾಲಯ ಅಮಾವಾಸ್ಯೆಯಂದು, ನಾವು ಹೂವಿನ ಹಾರ ಹಾಕುತ್ತಿದ್ದೆವು. ತಲೆಗೆ ರುಮಾಲು, ಮುಚ್ಚುಕೊರಳಿನ ಕೋಟು, ಹೆಗಲ ಮೇಲೆ ಅಂಚಿನ ಉತ್ತರೀಯ, ಕಿವಿಯಲ್ಲಿ ಒಂಟಿ. ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಎಡಗೈಯನ್ನು ಪಕ್ಕದ ದುಂಡು ಮೇಜಿನ ಮೇಲೆ ಇರಿಸಿದ್ದಾರೆ. ಮೇಜಿನ ಮೇಲೊಂದು ಗಡಿಯಾರವಿದೆ. ಇವರೇ ನಮ್ಮ ತಾತನವರೆಂದು ನಾವು ನಂಬಿದ್ದೆವು, ಮಕ್ಕಳಿಗೂ ಹೇಳಿಕೊಟ್ಟಿದ್ದೆವು. ನಮ್ಮ ತಂದೆಯವರು ಹಾಗೆಂದೇ ನಂಬಿ 1996ರಲ್ಲಿ ಕಣ್ಣು ಮುಚ್ಚಿದರು. ಅವರು ನಮ್ಮ ತಾತನವರಲ್ಲ ಎಂಬುದು ಬಹಳ ತಡವಾಗಿ ತಿಳಿಯಿತು. ತಿಳಿದ ಬಗೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯುವುದಕ್ಕೆ ಕಾರಣವೇನೆಂದರೆ, ಅದರಲ್ಲಿ ನಮ್ಮ ಒಂದು ಮನೆಯ ಕಥೆ ಮಾತ್ರವಲ್ಲದೆ ತಮಿಳುನಾಡಿನಲ್ಲಿ ನೆಲೆಸಿದ ಕನ್ನಡಿಗರೆಲ್ಲರ ಕಥೆಯೂ ಸ್ವಲ್ಪ ಅಡಗಿದೆ.

ಕೊಯಮತ್ತೂರಿನಿಂದ ಮೇಟ್ಟುಪಾಳ್ಯಂಗೆ ಹೋಗುವ ಹೆದ್ದಾರಿಯ ಮೇಲಿರುವ ನಮ್ಮ ಪೆರಿಯನಾಯಕನಪಾಳ್ಯವನ್ನು ಇಂದು ಹೊರಗಿನವರು ಎರಡು ಕಾರಣಕ್ಕೆ ಬಲ್ಲರು. ಒಂದು, 1930ರಲ್ಲಿ ಅವಿನಾಶಿಲಿಂಗಂ ಅವರು ಆರಂಭಿಸಿ, 1934ರಲ್ಲಿ ಗಾಂಧೀಜಿಯವರು ಇಲ್ಲಿ ಅಡಿಗಲ್ಲು ಇಟ್ಟ ರಾಮಕೃಷ್ಣ ವಿದ್ಯಾಲಯ. ಇನ್ನೊಂದು, 1962ರಲ್ಲಿ ಹುಟ್ಟಿ ನೂಲುವ ಯಂತ್ರಗಳನ್ನು ತಯಾರಿಸುವ ಲಕ್ಷ್ಮಿ ಮೆಷಿನ್ ವರ್ಕ್ಸ್. ಆದರೆ ಈ ಎರಡಕ್ಕೂ ಮುಂಚಿನಿಂದಲೇ ಈ ಸೀಮೆಯಲ್ಲಿ ಕನ್ನಡದ ಸೊಲ್ಲು ಇತ್ತು. ಹದಿನೇಳನೆಯ ಶತಮಾನದಲ್ಲಿ ಕೊಂಗುನಾಡು ಮೈಸೂರು ಒಡೆಯರ ಆಳ್ವಿಕೆಗೆ ಸೇರಿತು. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಈ ನಾಡಿನ ಕಂದಾಯ ಮೈಸೂರಿಗೇ ಸಲ್ಲುತ್ತಿತ್ತು. ದೇವಾಂಗರು ಮಗ್ಗವನ್ನು ನಂಬಿ, ಒಕ್ಕಲಿಗರು ನೇಗಿಲನ್ನು ನಂಬಿ ಇಲ್ಲಿ ಬೇರು ಬಿಟ್ಟರು. ಸಿರುಮುಗೈಯಲ್ಲಿ, ನೆಗಮದಲ್ಲಿ ಇಂದಿಗೂ ಮಗ್ಗದ ಮನೆಯೊಳಗೆ ಕನ್ನಡ ಕೇಳಿಸುತ್ತದೆ. ಚೌಡೇಶ್ವರಿಯ ಉತ್ಸವದಲ್ಲಿ ಎದೆಗೆ ಕತ್ತಿ ಹೊಡೆದುಕೊಳ್ಳುತ್ತ ತಾಯಿಯನ್ನು ಕರೆಯುವ ಅಲಗು ಸೇವೆಯನ್ನು ಕೊಯಮತ್ತೂರಿನ ಬೀದಿಯಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದೂ ಅಂಥ ನೇಕಾರರ ಮನೆ. ತಂದೆಯವರು 1927ರಲ್ಲಿ ಹುಟ್ಟಿದವರು. ಅವರಿಗೆ ಮೂರು ವರ್ಷ ತುಂಬುವ ಮೊದಲೇ ತಾತನವರು ಜ್ವರ ಬಂದು ತೀರಿಕೊಂಡರು. ಮತ್ತೆ ನಾಲ್ಕು ವರ್ಷಕ್ಕೆ ಅಜ್ಜಿಯೂ ಹೋದರು. ಸೋದರಮಾವನ ಮನೆಯಲ್ಲಿ ಬೆಳೆದ ತಂದೆಯವರಿಗೆ ತಮ್ಮ ತಂದೆಯ ಮುಖದ ನೆನಪು ಇರಲಿಲ್ಲ. ತಾತನವರಿಗೆ ಒಬ್ಬ ಅಕ್ಕ ಇದ್ದರೆಂದೂ, ಆಕೆಯನ್ನು ಕೊಳ್ಳೇಗಾಲಕ್ಕೆ ಕೊಟ್ಟಿತ್ತೆಂದೂ, ಆಕೆ ತೀರಿಕೊಂಡ ಮೇಲೆ ಹೋಗಿ ಬರುವುದು ನಿಂತಿತೆಂದೂ ಮಾತ್ರ ಅವರು ಬಲ್ಲವರಾಗಿದ್ದರು.

1983ರಲ್ಲಿ ಹಳೆಯ ಹೆಂಚಿನ ಮನೆಯನ್ನು ಕೆಡವಿ ತಾರಸಿ ಮನೆ ಕಟ್ಟುವಾಗ ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಯಿತು. ಸೋದರಮಾವನವರು ಅಷ್ಟರಲ್ಲಿ ಕಾಲವಾಗಿದ್ದರು. ಟ್ರಂಕಿನಲ್ಲಿ ಹಳೆಯ ಕ್ರಯಪತ್ರ, ಒಂದು ಲಾಳಿ, ಹಳದಿ ಬಟ್ಟೆಯಲ್ಲಿ ಸುತ್ತಿದ ಐದು ಭಾವಚಿತ್ರಗಳು ಇದ್ದವು. ನಾಲ್ಕರ ಹಿಂಬದಿ ಬರಿದು. ಐದನೆಯದರ ಹಿಂದೆ ಮಾತ್ರ ಕಪ್ಪು ಮಸಿಯಲ್ಲಿ, ತಮಿಳು ಲಿಪಿಯಲ್ಲಿ ಎರಡೇ ಪದಗಳಿದ್ದವು. ಅಡಿಯಲ್ಲಿ 1928 ಎಂದು ಬರೆದಿತ್ತು. ನಾವು ಅದನ್ನು ಎತ್ತಿ ಓದಿದೆವು: "ಅಕ್ಕನ ಕಂಡ."

ತಮಿಳು ಲಿಪಿಯಾದರೂ ಮಾತು ಕನ್ನಡದ್ದೆಂದು ಕೂಡಲೇ ತಿಳಿಯಿತು. ತಮಿಳಿನಲ್ಲಿ ಆ ವಾಕ್ಯಕ್ಕೆ ಅರ್ಥವಿಲ್ಲ. ತಂದೆಯವರ ಕಣ್ಣಲ್ಲಿ ನೀರು ಬಂತು. "ಅಪ್ಪ ಅಕ್ಕನನ್ನು ಕಾಣಲು ಕೊಳ್ಳೇಗಾಲಕ್ಕೆ ಹೋಗಿದ್ದಾಗ ತೆಗೆಸಿದ ಪಟ ಇದು" ಎಂದರು. ಅಕ್ಕನ ಕಂಡ, ಎಂದರೆ ಅಕ್ಕನನ್ನು ಕಂಡ. ನಮಗೂ ಅದು ಸರಿಯೆನಿಸಿತು. ಐವತ್ತೈದು ವರ್ಷ ತಂದೆಯ ಮುಖ ಕಾಣದೆ ಬದುಕಿದ ಮನುಷ್ಯನ ಮುಂದೆ ಆ ಹೊತ್ತಿನಲ್ಲಿ ಬೇರೆ ಅರ್ಥ ಹುಡುಕುವ ಮನಸ್ಸೂ ನಮಗೆ ಇರಲಿಲ್ಲವೆನ್ನಬೇಕು. ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗೋಡೆಗೇರಿಸಿದೆವು. ಮೂಲಪ್ರತಿ ಮತ್ತೆ ಟ್ರಂಕು ಸೇರಿತು.

ಇತಿಹಾಸವನ್ನು ಪಾಠ ಹೇಳಿದವರಾಗಿ ಆ ಚಿತ್ರವನ್ನು ಒಂದು ದಾಖಲೆಯೆಂದು ಪರೀಕ್ಷಿಸಬೇಕೆಂಬ ಬುದ್ಧಿ ನಮಗೆ ಬಂದದ್ದು ನಿವೃತ್ತಿಯ ಬಳಿಕ. ಹಳೆಯ ಭಾವಚಿತ್ರ ತನ್ನ ವಯಸ್ಸನ್ನು ತಾನೇ ಹೇಳಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಚಿತ್ರಗಳು ಮೊಟ್ಟೆಯ ಬಿಳಿಯ ಲೇಪವಿದ್ದ ತೆಳು ಕಾಗದದ ಮೇಲೆ ಅಚ್ಚಾಗಿ ರಟ್ಟಿಗೆ ಅಂಟಿಸಿದವು. ಅವು ಕಂದು ಹಳದಿಗೆ ತಿರುಗುತ್ತವೆ. ಆಮೇಲಿನ ಬೆಳ್ಳಿ ಲವಣದ ಕಾಗದದ ಚಿತ್ರಗಳಲ್ಲಿ ಕಪ್ಪು ಭಾಗದ ಅಂಚಿಗೆ ಕನ್ನಡಿಯಂಥ ಬೆಳ್ಳಿಯ ಹೊಳಪು ಮೂಡುತ್ತದೆ. ನಮ್ಮದರಲ್ಲಿ ಆ ಹೊಳಪು ಇದೆ. ಅಲ್ಲದೆ ಅದು ಅಂಚೆ ಕಾರ್ಡಿನ ಅಳತೆಯ ಗಟ್ಟಿ ಕಾಗದ. ಹಿಂಬದಿಯಲ್ಲಿ ನಡುವೆ ಒಂದು ಗೆರೆ ಎಳೆದು ವಿಳಾಸಕ್ಕೊಂದು, ಒಕ್ಕಣೆಗೊಂದು ಭಾಗ ಮಾಡಿದೆ. ಇಂಗ್ಲೆಂಡಿನಲ್ಲಿ ಇಂಥ ಎರಡು ಪಾಲಿನ ಕಾರ್ಡು ಬಂದದ್ದು 1902ರಲ್ಲಿ. ಮುಂದಿನ ಮೂರು ದಶಕ ಸ್ಟುಡಿಯೋಗಳು ಈ ಕಾಗದದ ಮೇಲೆಯೇ ಮನೆಮಂದಿಯ ಚಿತ್ರಗಳನ್ನು ಅಚ್ಚು ಹಾಕಿಕೊಡುತ್ತಿದ್ದವು. ಬೆಳಕು ಒಂದು ಕಡೆಯಿಂದ ಬಿದ್ದಿದೆ. ಬಲಗೆನ್ನೆ ಬೆಳಗಿದೆ, ಎಡಗೆನ್ನೆ ನೆರಳಿನಲ್ಲಿದೆ. ಪೈಕಾರಾದ ವಿದ್ಯುತ್ತು ಕೊಯಮತ್ತೂರಿನ ಗಿರಣಿಗಳಿಗೆ ಹರಿದದ್ದು 1930ರ ದಶಕದಲ್ಲಿ. ಅದಕ್ಕೆ ಮೊದಲು ಪಟ ತೆಗೆಯುವವರಿಗೆ ಸೂರ್ಯನೇ ದೀಪ. ಆದ್ದರಿಂದ 1928 ಎಂಬ ಬರಹ ನಂಬತಕ್ಕದ್ದೇ ಎಂದು ತೀರ್ಮಾನಿಸಿದೆವು. ಹಿನ್ನೆಲೆಯ ಕಂಬ ಮತ್ತು ಪರದೆ ಬಟ್ಟೆಯ ಮೇಲೆ ಬರೆದ ಚಿತ್ರ. ಮೇಜು, ಗಡಿಯಾರ ಸ್ಟುಡಿಯೋದವು. ಎಷ್ಟೋ ಕಡೆ ಕೋಟು ರುಮಾಲುಗಳನ್ನೂ ಸ್ಟುಡಿಯೋದವರೇ ಇಟ್ಟಿರುತ್ತಿದ್ದರು. ತಾತನ ಗಡಿಯಾರ ಯಾರ ಪಾಲಿಗೆ ಹೋಯಿತೆಂದು ನಮ್ಮ ದಾಯಾದಿಗಳಲ್ಲಿ ಒಮ್ಮೆ ಮಾತಿಗೆ ಮಾತು ಬೆಳೆದದ್ದನ್ನು ನೆನೆದರೆ ಈಗ ನಗು ಬರುತ್ತದೆ.

ಇಷ್ಟೆಲ್ಲ ಪರೀಕ್ಷೆ ಮಾಡಿದರೂ ಮುಖ್ಯವಾದ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲೇ ಇಲ್ಲ. ಕಾಗದದ ವಯಸ್ಸು ತಿಳಿಯಿತು, ಕುಳಿತವರು ಯಾರೆಂದು ಪುನಃ ವಿಚಾರಿಸಲಿಲ್ಲ.

ನಮ್ಮ ಭಾಗಕ್ಕೆ ಛಾಯಾಗ್ರಹಣ ತಡವಾಗಿ ಬಂದದ್ದಲ್ಲ. 1839ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾದ ಈ ವಿದ್ಯೆಯನ್ನು ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರಲ್ಲಿಯೇ ಹಳೇಬೀಡು, ಬೇಲೂರುಗಳಿಗೆ ತಂದಿದ್ದನು. 1873ರಲ್ಲಿ ಮೇಟ್ಟುಪಾಳ್ಯದವರೆಗೆ ರೈಲು ಬಂದ ಮೇಲೆ ಬೆಟ್ಟಕ್ಕೆ ಹೋಗುವ ದೊರೆಗಳೆಲ್ಲ ನಮ್ಮ ಊರಿನ ಮೇಲೆಯೇ ಹಾದುಹೋದರು. 1875ರಲ್ಲಿ ಪೆನ್ ಎಂಬಾತ ಉದಕಮಂಡಲದಲ್ಲಿ ಸ್ಟುಡಿಯೋ ತೆರೆದು ತೋಡರನ್ನು, ಬಡಗರನ್ನು ಚಿತ್ರಿಸಿದನು. 1909ರಲ್ಲಿ ಏಳು ಸಂಪುಟಗಳಾಗಿ ಹೊರಬಂದ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ನಮ್ಮ ದೇವಾಂಗರ ವಿಷಯವೂ ಇದೆ. ಆದರೆ ಆ ಕಾಲದ ಇಂಥ ಚಿತ್ರಗಳ ಅಡಿಯಲ್ಲಿ ಸಾಮಾನ್ಯವಾಗಿ ಕುಲದ ಹೆಸರು ಇರುತ್ತದೆಯೇ ಹೊರತು ಮನುಷ್ಯನ ಹೆಸರು ಇರುವುದು ಅಪರೂಪ. ತೆಗೆದವನಿಗೆ ಹೆಸರು ಬೇಕಿರಲಿಲ್ಲ. ಮನೆಯ ಚಿತ್ರಗಳಲ್ಲೂ ಹೆಸರು ಇರುವುದಿಲ್ಲ. ಅದಕ್ಕೆ ಕಾರಣ ಮಾತ್ರ ಬೇರೆ. ಅಪ್ಪನ ಪಟದ ಮೇಲೆ ಅಪ್ಪನ ಹೆಸರನ್ನು ಬರೆಯುವವರು ಯಾರು? ಎಲ್ಲರೂ ಬಲ್ಲದ್ದನ್ನು ಬರೆಯಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಬಲ್ಲವರೆಲ್ಲ ಹೋದ ಮೇಲೆ ಗೋಡೆಯ ಮೇಲೆ ಮುಖವೊಂದೇ ಉಳಿಯುತ್ತದೆ.

ಈಗ ಕೊಳ್ಳೇಗಾಲದ ಮಾತಿಗೆ ಬರೋಣ. ಇಂದಿನ ಮಕ್ಕಳಿಗೆ ಆಶ್ಚರ್ಯವಾಗಬಹುದು, ಆದರೆ 1956ರ ಅಕ್ಟೋಬರ್ ಕೊನೆಯವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯದೇ ಒಂದು ತಾಲ್ಲೂಕಾಗಿತ್ತು. ತಾತನವರು ಅಕ್ಕನನ್ನು ಅಲ್ಲಿಗೆ ಕೊಟ್ಟಾಗ ಬೇರೆ ರಾಜ್ಯಕ್ಕೆ ಕೊಟ್ಟೆವೆಂಬ ಭಾವನೆ ಯಾರಿಗೂ ಇರಲಿಲ್ಲ. ಒಂದೇ ಜಿಲ್ಲೆ, ಒಬ್ಬನೇ ಕಲೆಕ್ಟರು. ಸತ್ಯಮಂಗಲ ದಾಟಿ ದಿಂಬಂ ಘಟ್ಟ ಹತ್ತಿದರೆ ಆಯಿತು. ನವೆಂಬರ್ 1ರಂದು ಆ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಯಾರನ್ನೂ ತಡೆಯಲಿಲ್ಲ, ನಿಜ. ಆದರೆ ಅಲ್ಲಿಯ ಮೊಮ್ಮಕ್ಕಳು ಕನ್ನಡ ಅಕ್ಷರ ಕಲಿತರು, ಇಲ್ಲಿಯ ನಾವು ತಮಿಳು ಅಕ್ಷರ ಕಲಿತೆವು. ಮನೆಯಲ್ಲಿ ಆಡುವ ಮಾತು ಎರಡೂ ಕಡೆ ಅದೇ. ಬರೆದ ಕಾಗದವನ್ನು ಮಾತ್ರ ಒಬ್ಬರದನ್ನು ಇನ್ನೊಬ್ಬರು ಓದಲಾರದವರಾದೆವು. ನಾವು ಕನ್ನಡ ಲಿಪಿಯನ್ನು ಕಲಿತದ್ದೇ ನಮ್ಮ ಸಂಘದ ತರಗತಿಯಲ್ಲಿ, ನಲವತ್ತು ದಾಟಿದ ಮೇಲೆ, ಹತ್ತು ವರ್ಷದ ಮಕ್ಕಳ ಪಕ್ಕ ಮಣೆಯ ಮೇಲೆ ಕುಳಿತು.

2012ರಲ್ಲಿ ಸಂಘದ ರಾಜ್ಯೋತ್ಸವಕ್ಕೆ ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬರು ಅತಿಥಿಗಳಾಗಿ ಬಂದಿದ್ದರು. ಊಟದ ಎಲೆಯ ಮುಂದೆ ಮಾತಾಡುತ್ತ ತಮ್ಮ ಅಜ್ಜಿಯ ತವರು ಕೊಯಮತ್ತೂರು ಕಡೆಯ ಪಾಳ್ಯವೆಂದರು. ಕುಲ ಕೇಳಿದೆವು. ನಮ್ಮ ಕುಲವೇ! ಅಜ್ಜಿಗೆ ಒಬ್ಬ ತಮ್ಮನಿದ್ದು ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡನಂತೆ. ಅಂದು ಆ ಎಲೆಯಲ್ಲಿ ಪಾಯಸ ಹಾಗೆಯೇ ಉಳಿಯಿತು. ಮರು ತಿಂಗಳು ಮನೆಯವರೊಡನೆ ಕೊಳ್ಳೇಗಾಲಕ್ಕೆ ಹೊರಟೆವು.

ಅವರ ತೊಟ್ಟಿಯ ಮನೆಯ ಗೋಡೆಯ ಮೇಲೆ, ಗಂಧದ ಹಾರದೊಳಗೆ, ಅದೇ ಪಟ ಇತ್ತು. ಅದೇ ರುಮಾಲು, ಅದೇ ಮೇಜು, ಅದೇ ಗಡಿಯಾರ. ಬಾಮೈದನ ಪಟವನ್ನು ಇಷ್ಟು ಗೌರವದಿಂದ ಇಟ್ಟುಕೊಂಡಿದ್ದಾರಲ್ಲ ಎಂದು ನಮ್ಮ ಗಂಟಲು ಕಟ್ಟಿತು. ಕೈ ಮುಗಿದು, "ನಮ್ಮ ತಾತನವರು ಇಲ್ಲಿಯೂ ಇದ್ದಾರೆ" ಎಂದೆವು. ಕಂಬಕ್ಕೆ ಒರಗಿ ಕುಳಿತಿದ್ದ ಹಿರಿಯಾಕೆ, ತಾತನವರ ಅಕ್ಕನ ಮಗಳು, ನಮ್ಮ ತಂದೆಯವರಿಗಿಂತ ಎರಡು ವರ್ಷ ದೊಡ್ಡವರು, ನಮಗೆ ಅತ್ತೆ, ತಲೆಯೆತ್ತಿ ನೋಡಿದರು.

"ನಿಮ್ ತಾತ ಎಲ್ ಬಂದ ಇಲ್ಲಿ? ಇದು ನಮ್ಮಪ್ಪ ಕಣಪ್ಪ."

ನಾವು ಒಪ್ಪಲಿಲ್ಲ. ಅತ್ತೆ ವಾದಿಸಲೂ ಇಲ್ಲ. ಒಳಗಿನಿಂದ ಇನ್ನೊಂದು ಚಿತ್ರ ತರಿಸಿದರು. 1960ರ ಸುಮಾರಿನಲ್ಲಿ ಮೊಮ್ಮಗಳ ಮದುವೆಯಲ್ಲಿ ತೆಗೆದದ್ದು. ನಡುವೆ ಕುಳಿತ ಮುದುಕರ ಹುಬ್ಬು, ಮೂಗಿನ ಬಾಗು, ಕಿವಿಯ ಹಾಲೆಯ ಮಡಿಕೆ, ಕಿವಿಯಲ್ಲಿದ್ದ ಒಂಟಿ ಎಲ್ಲವೂ ಗೋಡೆಯ ಮೇಲಿದ್ದವರದೇ. ಮೂವತ್ತು ವರ್ಷ ಕೂದಲು ನೆರೆಸಿಕೊಂಡಿದ್ದರು, ಅಷ್ಟೇ. ಅವರ ಮನೆಯ ಪ್ರತಿಯನ್ನು ಕಟ್ಟಿನಿಂದ ಬಿಡಿಸಿ ಹಿಂದೆ ನೋಡಿದೆವು. ಆ ಹಿರಿಯರ ಹೆಸರು ಕನ್ನಡ ಅಕ್ಷರದಲ್ಲಿ ಸ್ಪಷ್ಟವಾಗಿತ್ತು. ಇಸವಿ 1928.

ಅತ್ತೆ ತಮ್ಮ ತಾಯಿಯಿಂದ ಕೇಳಿದ್ದನ್ನು ಹೇಳಿದರು. ಆ ವರ್ಷ ಅವರ ತಂದೆ ನೂಲು ಕೊಳ್ಳಲು ಕೊಯಮತ್ತೂರಿಗೆ ಹೋಗಿದ್ದರು. ಬಾಮೈದ, ಎಂದರೆ ನಮ್ಮ ತಾತ, ಜೊತೆಗೆ ಹೋಗಿ ಭಾವನನ್ನು ಒತ್ತಾಯದಿಂದ ಸ್ಟುಡಿಯೋಗೆ ಕರೆದೊಯ್ದು ಕೂರಿಸಿದನಂತೆ. ಎರಡು ಪ್ರತಿಗೆ ದುಡ್ಡು ಕೊಟ್ಟವನೂ ಅವನೇ. ನೀನೂ ಕುಳಿತುಕೋ ಎಂದರೆ ಒಪ್ಪಲಿಲ್ಲ. ಪಟ ತೆಗೆಸಿದರೆ ಆಯಸ್ಸು ಕುಗ್ಗುತ್ತದೆಂಬ ಭಯ ಆ ಕಾಲದಲ್ಲಿ ಬಹಳ ಜನಕ್ಕೆ ಇತ್ತು. "ತೆಗೆಸ್ಕಂಡ ನಮ್ಮಪ್ಪ ಎಪ್ಪತ್ ದಾಟ್ದ. ತೆಗೆಸ್ದೆ ಇದ್ದೋನು ಎರಡೇ ವರ್ಸಕ್ಕೆ ಹೋದ" ಎಂದು ಅತ್ತೆ ಎಲೆ ಅಡಿಕೆಯ ತಟ್ಟೆಯನ್ನು ನಮ್ಮ ಕಡೆಗೆ ನೂಕಿದರು.

ಊರಿಗೆ ಮರಳಿದ ರಾತ್ರಿ ಟ್ರಂಕು ತೆರೆದು ಮೂಲಪ್ರತಿಯನ್ನು ದೀಪದ ಅಡಿಗೆ ಹಿಡಿದೆವು. ಅದೇ ಎರಡು ಪದಗಳು. ಓದುಗರಲ್ಲಿ ತಮಿಳು ಲಿಪಿ ಬಲ್ಲವರು ಇಷ್ಟರಲ್ಲಿ ನಮ್ಮ ತಪ್ಪನ್ನು ಕಂಡುಹಿಡಿದಿರಬಹುದು. ತಮಿಳಿನಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರ. ತಕಾರ ದಕಾರಕ್ಕೆ ಒಂದು, ಪಕಾರ ಬಕಾರಕ್ಕೆ ಒಂದು. ತಮಿಳು ನುಡಿಗೆ ಅದು ಸಾಕು. ಪದದ ಮೊದಲಲ್ಲಿದ್ದರೆ ಹೀಗೆ, ನಡುವೆ ಇದ್ದರೆ ಹಾಗೆ ಎಂಬ ಕ್ರಮ ಆ ಭಾಷೆಯಲ್ಲೇ ಇದೆ. ಅದರೊಳಗೆ ಕನ್ನಡವನ್ನು ಸುರಿದಾಗ ತೊಡಕು. ದೊಡ್ಡಪ್ಪನೆಂದು ಬರೆದರೆ ತೊಟ್ಟಪ್ಪನಾಗುತ್ತದೆ, ಬಾವಿ ಪಾವಿಯಾಗುತ್ತದೆ. ಕಂಡ ಎಂದು ಬರೆಯುವುದೂ ಗಂಡ ಎಂದು ಬರೆಯುವುದೂ ಒಂದೇ.

ಅಕ್ಕನ ಗಂಡ.

ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ನಾವು, ಹಿಂದೆಯೇ ಬರೆದಿಟ್ಟಿದ್ದ ಉತ್ತರವನ್ನು ಓದಲು ಮೂವತ್ತು ವರ್ಷ ತೆಗೆದುಕೊಂಡೆವು. ತಂದೆಯವರು ಇದ್ದಿದ್ದರೆ ಹೇಳುತ್ತಿದ್ದೆವೋ ಇಲ್ಲವೋ, ಈಗಲೂ ನಿಶ್ಚಯವಿಲ್ಲ. ಮನೆಯವರು ಮಾತ್ರ, "ಭಾವನಿಗೆ ಹೂ ಹಾಕಿದರೆ ಅವರೇನು ಬೇಡವೆನ್ನುತ್ತಾರೆಯೇ?" ಎಂದು ಸಮಾಧಾನ ಹೇಳಿದರು.

ಆದರೆ ನಿದ್ದೆ ಬರಲಿಲ್ಲ. ಬೆಳಗಿನ ಜಾವದ ಹೊತ್ತಿಗೆ ಇನ್ನೊಂದು ಯೋಚನೆ ಹೊಳೆಯಿತು. ಈ ಎರಡು ಪದಗಳನ್ನು ಬರೆದವರು ಯಾರು? ಚಿತ್ರದಲ್ಲಿರುವವರನ್ನು ಅಕ್ಕನ ಗಂಡ ಎನ್ನತಕ್ಕವರು ಆ ಅಕ್ಕನ ಒಡಹುಟ್ಟಿದವರು ಮಾತ್ರ. ಅತ್ತೆಯ ತಾಯಿಗೆ ಒಡಹುಟ್ಟಿದವನು ಒಬ್ಬನೇ ತಮ್ಮ. ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಬೇರೆಯವರ ಕೈಯಲ್ಲಿ ಬರೆಸಿದ್ದರೂ ಅವರು ಅಣ್ಣ ಎಂದು ಬರೆಸುತ್ತಿದ್ದರು. ಆದ್ದರಿಂದ ಕಪ್ಪು ಮಸಿಯ ಆ ಅಕ್ಷರಗಳು ತಾತನವರದೇ ಕೈಬರಹ. ಮುಂಬದಿಯಲ್ಲಿ ಅವರಿಲ್ಲ. ಹಿಂಬದಿಯಲ್ಲಿ ಇದ್ದಾರೆ. ಮೊದಲ ಅಕ್ಷರವನ್ನು ಒತ್ತಿ ಬರೆದಿದ್ದಾರೆ, ಕೊನೆಯದರ ಬಾಲವನ್ನು ಸ್ವಲ್ಪ ಉದ್ದ ಎಳೆದಿದ್ದಾರೆ. ನಮ್ಮ ತಂದೆಯವರೂ ಸಹಿ ಮಾಡುವಾಗ ಕೊನೆಯ ಅಕ್ಷರದ ಬಾಲವನ್ನು ಹಾಗೆಯೇ ಎಳೆಯುತ್ತಿದ್ದರು. ಇದನ್ನು ಪುರಾವೆಯೆಂದು ಹೇಳುತ್ತಿಲ್ಲ, ಕಂಡದ್ದನ್ನು ಹೇಳಿದೆವು.

ಇಂಥ ಹುಡುಕಾಟ ನಮ್ಮದೊಂದೇ ಅಲ್ಲವೆಂದು ಆಮೇಲೆ ಓದಿ ತಿಳಿದೆವು. ಫಿಲಿಪೀನ್ಸ್ ದೇಶದಲ್ಲಿ 1849ರಲ್ಲಿ ಕ್ಲವೇರಿಯಾ ಎಂಬ ಸ್ಪೇನಿನ ಗವರ್ನರು ಒಂದು ಪಟ್ಟಿ ಮಾಡಿಸಿ, ಅದರಿಂದ ಜನರಿಗೆ ಮನೆತನದ ಹೆಸರುಗಳನ್ನು ಹಂಚಿಸಿದನು. ಆದ್ದರಿಂದ ಅಲ್ಲಿ ಒಂದೇ ಹೆಸರಿನವರೆಲ್ಲ ನೆಂಟರೆಂದು ಹೇಳುವಂತಿಲ್ಲ. 1945ರ ಯುದ್ಧದಲ್ಲಿ ಮನಿಲಾ ನಗರ ಸುಟ್ಟು ಎಷ್ಟೋ ದಾಖಲೆಗಳು ನಾಶವಾದವು. 1906ರಿಂದ ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಗೆ ಹೋದವರ ಮೊಮ್ಮಕ್ಕಳಿಗೆ ಅಜ್ಜನ ಊರು ತಿಳಿಯಬೇಕಾದರೆ ಒಂದು ಹಳೆಯ ಭಾವಚಿತ್ರವೇ ದೊಡ್ಡ ಆಧಾರ. ನಮ್ಮಲ್ಲಿ ಹೆಸರು ಹೋದರೂ ಕುಲ ಉಳಿದಿತ್ತು; ಊಟದ ಎಲೆಯ ಮುಂದೆ ಕೇಳಿದ ಒಂದು ಪ್ರಶ್ನೆಗೆ ಸಿಕ್ಕ ಉತ್ತರದಿಂದ ದಾರಿ ತೆರೆಯಿತು. ಪುದುಚೇರಿಯ ಫ್ರೆಂಚ್ ಸಂಶೋಧನಾ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ತಮಿಳುನಾಡಿನ ಹಳೆಯ ಸ್ಟುಡಿಯೋಗಳ ಕುಟುಂಬ ಚಿತ್ರಗಳ ಪ್ರತಿ ತೆಗೆದು ಕಾಪಿಟ್ಟಿದ್ದಾರೆ. ಶ್ಲಾಘ್ಯವಾದ ಕೆಲಸ. ಆದರೆ ಚಿತ್ರದಲ್ಲಿರುವವರು ಯಾರೆಂದು ಹೇಳಬೇಕಾದವರು ಮನೆಯವರೇ.

ನಮ್ಮ ಸಂಘದ ಮನೆಗಳಲ್ಲಿ ನಾವು ಕಂಡ ಒಂದೆರಡು ಸಂಗತಿಗಳನ್ನು ಇಲ್ಲಿ ಹೇಳುವುದು ತಪ್ಪಾಗದು. ಹಳೆಯ ಚಿತ್ರಗಳನ್ನು ಅಂಟು ಹಾಳೆಯ ಆಲ್ಬಮ್ಮಿಗೆ ಸೇರಿಸಬಾರದು, ಲ್ಯಾಮಿನೇಷನ್ ಮಾಡಿಸಲೇಬಾರದು. ಹಿಂಬದಿಯಲ್ಲಿ ಬಾಲ್ ಪೆನ್ನಿನಿಂದ ಬರೆದರೆ ಮುಖದ ಮೇಲೆ ಗೀರು ಏಳುತ್ತದೆ. ಮೃದುವಾದ ಪೆನ್ಸಿಲ್ಲಿನಿಂದ ಅಂಚಿನಲ್ಲಿ ಬರೆಯಬೇಕು. ಅಣ್ಣ, ಅತ್ತೆ, ತಾತ ಎಂದಷ್ಟೇ ಬರೆದರೆ ಯಾರ ಅಣ್ಣ, ಯಾರ ಅತ್ತೆ ಎಂಬುದು ಬರೆದವರೊಂದಿಗೇ ಹೋಗುತ್ತದೆ. ಹೆಸರು, ಊರು, ಇಸವಿ ಬರೆಯಿರಿ. ಕನ್ನಡದ ಮಾತನ್ನು ತಮಿಳು ಲಿಪಿಯಲ್ಲಿ ಬರೆಯುವವರು ಒಂದು ಗಳಿಗೆ ನಮ್ಮನ್ನು ನೆನೆಸಿಕೊಳ್ಳಿರಿ.

ಆ ದೊಡ್ಡ ಪಟವನ್ನು ನಾವು ಗೋಡೆಯಿಂದ ಇಳಿಸಲಿಲ್ಲ. ಅದರ ಪಕ್ಕದಲ್ಲಿ, ಮೂಲಪ್ರತಿಯ ಹಿಂಬದಿಯನ್ನು ಅದೇ ಅಳತೆಗೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಬಂದವರು ಬರಿಯ ಬರಹಕ್ಕೆ ಏಕೆ ಹಾರ ಹಾಕಿದ್ದೀರೆಂದು ಕೇಳುತ್ತಾರೆ. ಮೊಮ್ಮಕ್ಕಳು ನಮಗಿಂತ ಚೆನ್ನಾಗಿ ಕಥೆ ಹೇಳುತ್ತಾರೆ.

ಅತ್ತೆ 2015ರಲ್ಲಿ ತೀರಿಕೊಂಡರು. ಟ್ರಂಕಿನಲ್ಲಿದ್ದ ಇತರ ನಾಲ್ಕು ಚಿತ್ರಗಳನ್ನು ನಾವು ಕೊಳ್ಳೇಗಾಲಕ್ಕೆ ಕೊಂಡೊಯ್ದಿರಲಿಲ್ಲ. ಇನ್ನೊಮ್ಮೆ ಹೋದಾಗ ತೋರಿಸಿದರಾಯಿತೆಂದು ಇದ್ದೆವು. ಒಂದರಲ್ಲಿ ಇಬ್ಬರು ಹೆಂಗಸರು, ಒಂದರಲ್ಲಿ ಮಗ್ಗದ ಮುಂದೆ ನಿಂತ ಹುಡುಗ, ಉಳಿದ ಎರಡರಲ್ಲಿ ಮದುವೆಯ ಗುಂಪು. ಈಗ ಅವುಗಳ ಹಿಂದೆ ಪೆನ್ಸಿಲ್ಲಿನಿಂದ, ಕನ್ನಡದಲ್ಲಿ, ನಾವು ಬರೆದಿರುವುದು ಇಷ್ಟೇ: "ನಮ್ಮ ಮನೆಯ ಟ್ರಂಕಿನಲ್ಲಿ 1983ರಲ್ಲಿ ದೊರೆತದ್ದು. ಯಾರೆಂದು ತಿಳಿಯದು."